ಅರಿವೆಯ ಬಿಳುಪು, ದುಡಿಯುವವರ ಉಸಿರು

ಸೊಲ್ಲಾಪುರದ ಪೇಟೆಯಲ್ಲಿ ನಾವು ಅರಿವೆ ವ್ಯಾಪಾರಕ್ಕೆ ಕುಳಿತು ನಲವತ್ತು ವರ್ಷ ದಾಟಿತು. ಗಿರಾಕಿ ಟವೆಲ್ ಕೈಗೆತ್ತಿಕೊಂಡರೆ ಮೊದಲು ನೋಡುವುದು ಅದರ ಬಿಳುಪು. ನಾವೂ ಮಾಲು ಕೊಳ್ಳುವಾಗ, "ಇನ್ನೂ ಬೆಳ್ಳಗಾಗಬೇಕು, ಬೇಗ ಬೇಕು, ದರ ಮಾತ್ರ ಏರಿಸಬೇಡಿ" ಎನ್ನುತ್ತಲೇ ಬಂದವರು. ಈ ಮಾತಿನ ಬೆಲೆ ಯಾರು ತೆರುತ್ತಾರೆಂಬುದು ನಮಗೆ ತಿಳಿದದ್ದು ತಡವಾಗಿ.

ಕೆಲವು ವರ್ಷಗಳ ಹಿಂದೆ, ತಡವಾದ ಮಾಲನ್ನು ವಿಚಾರಿಸಲು ಒಂದು ಸಣ್ಣ ಬ್ಲೀಚಿಂಗ್ ಶೆಡ್ಡಿಗೆ ಹೋಗಿದ್ದೆವು. ಬಾಗಿಲಲ್ಲೇ ಕಣ್ಣು ಉರಿಯಿತು, ಗಂಟಲು ಕಟ್ಟಿತು. ಒಳಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು ತೊಟ್ಟಿಯ ಮೇಲೆ ಬಾಗಿದ್ದವನನ್ನು ಕೇಳಿದೆವು. "ರೂಢಿ ಆಗೇದ್ರಿ, ಸಾವ್ಕಾರ್ರ" ಎಂದ. ಮಾತು ಮುಗಿಯುವ ಮೊದಲೇ ಕೆಮ್ಮು ಬಂತು. ರೂಢಿಯಾಗುವುದು ಮೂಗಿಗೆ, ಎದೆಗಲ್ಲ.

ಬ್ಲೀಚಿಂಗ್ ಪುಡಿಯಲ್ಲಿ ಬಿಳುಪು ಮಾಡಿದ ಅರಿವೆಯನ್ನು ಆಮೇಲೆ ತಿಳಿಯಾದ ಆಮ್ಲದಲ್ಲಿ ಅದ್ದುವುದುಂಟು. ಅರಿವೆಯಲ್ಲಿ ಉಳಿದ ಪುಡಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಗಾಳಿಯೂ ಇದೇ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಆದ್ದರಿಂದ ನೆಲದ ಮಟ್ಟದಲ್ಲಿ, ತಗ್ಗಿನಲ್ಲಿ, ಬಾಗಿ ನಿಂತವನ ಮುಖದ ಸುತ್ತ ನಿಲ್ಲುತ್ತದೆ.

ಶ್ವಾಸನಾಳದ ಹಸಿಯಲ್ಲಿ ಕರಗಿ ಇದು ಆಮ್ಲವಾಗಿ ಒಳಗಿನ ಪೊರೆಯನ್ನು ಸುಡುತ್ತದೆ. ಮೊದಲು ಕಣ್ಣುರಿ, ಕೆಮ್ಮು, ಎದೆ ಬಿಗಿತ. ಹೆಚ್ಚು ಸೇವಿಸಿದರೆ ಪುಪ್ಪುಸದಲ್ಲಿ ನೀರು ತುಂಬಬಹುದು. ಅದು ಕೆಲವು ತಾಸುಗಳ ನಂತರವೂ ಕಾಣಿಸಿಕೊಳ್ಳುವುದರಿಂದ "ಈಗ ಆರಾಮ" ಎಂದು ಮನೆಗೆ ಕಳಿಸಿಬಿಡುವುದು ಅಪಾಯ. ಒಂದೇ ಸಲ ಬಲವಾಗಿ ತಗುಲಿದವನಿಗೂ ಉಬ್ಬಸದಂಥ ತೊಂದರೆ ವರ್ಷಗಟ್ಟಲೆ ಉಳಿಯಬಹುದು.

ಮುಖಕ್ಕೆ ಸುತ್ತಿದ ಬಟ್ಟೆ ಧೂಳನ್ನು ಒಂದಿಷ್ಟು ತಡೆದೀತು, ಅನಿಲವನ್ನು ತಡೆಯದು. ಅದಕ್ಕೆ ಅನಿಲ ಹೀರುವ ಡಬ್ಬಿಯುಳ್ಳ ಮುಖವಾಡವೇ ಬೇಕು. ಅದಕ್ಕೂ ಮೊದಲು ನೆಲಮಟ್ಟದಿಂದ ಗಾಳಿ ಹೊರಗೆಳೆಯುವ ಫ್ಯಾನು ಬೇಕು, ಪುಡಿ ಮತ್ತು ಆಮ್ಲವನ್ನು ಬೇರೆ ಬೇರೆ ಇಡಬೇಕು. ಅನಿಲ ತಗುಲಿದವನನ್ನು ಕೂಡಲೇ ತೆರೆದ, ಎತ್ತರದ ಜಾಗಕ್ಕೆ ಕರೆದೊಯ್ದು, ಬಟ್ಟೆ ಬದಲಿಸಿ, ಕಣ್ಣಿಗೆ ನೀರು ಹಾಕಿ, ದವಾಖಾನೆಗೆ ಒಯ್ಯಬೇಕು. ಹೈಡ್ರೋಜನ್ ಪೆರಾಕ್ಸೈಡ್‌ನಿಂದಲೂ ಅರಿವೆ ಬೆಳ್ಳಗಾಗುತ್ತದೆ. ಅದು ಕೊನೆಗೆ ನೀರು, ಆಮ್ಲಜನಕವಾಗಿ ಒಡೆಯುವುದರಿಂದ ಕ್ಲೋರಿನ್ ಭಯವಿಲ್ಲ. ಗಟ್ಟಿ ದ್ರಾವಣ ಚರ್ಮ ಸುಡುತ್ತದೆಂಬ ಎಚ್ಚರ ಬೇಕು. ಕಾಯಿಸಬೇಕಾದ್ದರಿಂದ ಉರುವಲಿನ ಖರ್ಚೂ ಇದೆ.

ಆ ಖರ್ಚಿನ ಮಾತು ಬಂದಾಗಲೇ ನಾವು ವ್ಯಾಪಾರಿಗಳು ಹಿಂದೆ ಸರಿಯುವುದು. ಶೆಡ್ಡಿನವನು ಒಂದು ಟವೆಲ್ಲಿಗೆ ನಾಲ್ಕು ಕಾಸು ಹೆಚ್ಚು ಕೇಳಿದರೆ ನಾವು ಪಕ್ಕದ ಶೆಡ್ಡಿಗೆ ಹೋಗುತ್ತಿದ್ದೆವು. ಆ ದಿನದಿಂದ ದರ ಕೇಳುವ ಮೊದಲು ಶೆಡ್ಡಿನ ಒಳಗೆ ಹೋಗಿ ನಿಲ್ಲುವುದನ್ನು ರೂಢಿಸಿಕೊಂಡಿದ್ದೇವೆ. ನಮಗೆ ಉಸಿರಾಡಲಾಗದ ಕಡೆ ಮಾಲು ಕೊಳ್ಳುವುದಿಲ್ಲ.

ತಾಯಂದಿರಲ್ಲೂ ಒಂದು ವಿನಂತಿ. ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪುಡಿಯ ಜೊತೆ ಆ್ಯಸಿಡ್ ಸೇರಿಸಬೇಡಿರಿ. ಏಳುವುದು ಅದೇ ವಿಷಗಾಳಿ.

ಬಿಳಿ ಅರಿವೆಯಲ್ಲಿ ನೀರು ಸೋಸಿ ಕುಡಿಯುವ ಜನ ನಾವು. ಆ ಅರಿವೆಯನ್ನು ಬೆಳ್ಳಗೆ ಮಾಡಿದವನು ಎಂಥ ಗಾಳಿ ಸೇವಿಸಿದ ಎಂಬುದನ್ನೂ ವಿಚಾರಿಸೋಣ.