ಸಂಕೋಚದ ರೋಗಗಳು ಮತ್ತು ವೈದ್ಯರ ಶಿಕ್ಷಣ

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಬರುತ್ತಿದ್ದವರನ್ನು ಬಹುಕಾಲದವರೆಗೆ ಮೊದಲು ಸ್ವಾಗತಿಸಿದ್ದು ಕುತುಬ್ ಮಿನಾರಲ್ಲ, ಹಳಿಗಳ ಪಕ್ಕದ ಗೋಡೆಗಳ ಮೇಲೆ ದಪ್ಪಕ್ಷರಗಳಲ್ಲಿ ಬರೆದಿದ್ದ ‘ಗುಪ್ತರೋಗ’ ಚಿಕಿತ್ಸೆಯ ಜಾಹೀರಾತುಗಳು. ಇವುಗಳನ್ನು ಬರೆಸಿದವರಿಗೆ ವೈದ್ಯವಿದ್ಯೆ ತಿಳಿದಿತ್ತೋ ಇಲ್ಲವೋ, ರೋಗಿಯ ಮನಸ್ಸು ಮಾತ್ರ ಚೆನ್ನಾಗಿ ತಿಳಿದಿತ್ತು. ಇಂತಹ ರೋಗಿಗೆ ಔಷಧಕ್ಕಿಂತ ಮೊದಲು ಬೇಕಾದುದು ಗೋಪ್ಯತೆ. ಓದಿದ ವೈದ್ಯರಲ್ಲಿ ಅದು ದೊರೆಯದಿದ್ದಾಗ ಅವನು ಗೋಡೆಯ ಮೇಲಿನ ವಿಳಾಸವನ್ನು ಹುಡುಕಿಕೊಂಡು ಹೋಗುತ್ತಾನೆ.

ಈ ರೋಗಗಳು ನಮ್ಮ ನಾಡಿಗೆ ಹೊಸತಲ್ಲ. ಹದಿನಾರನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ದಲ್ಲಿ ‘ಫಿರಂಗ ರೋಗ’ವೆಂಬ ಹೆಸರಿನಲ್ಲಿ ಸಿಫಿಲಿಸ್ ವರ್ಣಿತವಾಗಿದೆ. ಗ್ರಂಥಿಗೆ ಅಂಗಡಿಯ ಪರಂಗಿಚಕ್ಕೆಯೂ ಒಂದು ಕಾಲದಲ್ಲಿ ಇದೇ ರೋಗದ ಮದ್ದಾಗಿತ್ತು. ರೋಗಕ್ಕೆ ಪರದೇಶಿಯರ ಹೆಸರಿಟ್ಟು ಕೈತೊಳೆದುಕೊಳ್ಳುವ ಈ ಅಭ್ಯಾಸ ಯುರೋಪಿನಲ್ಲಿಯೂ ಇತ್ತು. ಅಲ್ಲಿ ಹಲವರು ಅದನ್ನು ಫ್ರೆಂಚರ ರೋಗವೆಂದರು.

ಮೌನಕ್ಕೆ ತೆರಬೇಕಾದ ಬೆಲೆ ಅಲ್ಪವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾ, ಟ್ರೈಕೊಮೋನಿಯಾಸಿಸ್ ಎಂಬ ನಾಲ್ಕೇ ಸೋಂಕುಗಳು ಜಗತ್ತಿನಲ್ಲಿ 37 ಕೋಟಿಗೂ ಹೆಚ್ಚು ಬಾರಿ ಹೊಸದಾಗಿ ತಗುಲಿದವು. ಈ ನಾಲ್ಕೂ ಗುಣವಾಗುವಂಥವು. ಆದರೆ ಚಿಕಿತ್ಸೆಯಿಲ್ಲದ ಗೊನೋರಿಯಾ ಮತ್ತು ಕ್ಲಮೈಡಿಯಾ ಹೆಣ್ಣಿನ ಗರ್ಭನಾಳಗಳನ್ನು ಮುಚ್ಚಿ ಬಂಜೆತನವನ್ನು ತರಬಲ್ಲವು. ಗರ್ಭಿಣಿಯ ಸಿಫಿಲಿಸ್ ಮಗುವನ್ನು ಹೊಟ್ಟೆಯಲ್ಲಿಯೇ ಕೊಲ್ಲಬಲ್ಲದು. ಜನನಾಂಗದ ಹುಣ್ಣು ಎಚ್‌ಐವಿಗೆ ಬಾಗಿಲು ತೆರೆದಿಡುತ್ತದೆ.

ಭಾರತದಲ್ಲಿ ಈ ರೋಗಗಳ ನಿಯಂತ್ರಣ ಕಾರ್ಯಕ್ರಮ 1946ರಲ್ಲಿಯೇ ಆರಂಭವಾಯಿತು. ಅದಕ್ಕೆ ನಿಜವಾದ ತ್ವರೆ ಬಂದುದು 1986ರಲ್ಲಿ ಮದರಾಸಿನಲ್ಲಿ ಎಚ್‌ಐವಿ ಮೊದಲ ಬಾರಿಗೆ ಪತ್ತೆಯಾದ ಅನಂತರ. 1992ರಲ್ಲಿ ಇದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿರುವ ಪ್ರಾದೇಶಿಕ ಕೇಂದ್ರ ಈ ವಿಷಯದ ತರಬೇತಿಗೂ ಪ್ರಯೋಗಾಲಯ ಪರೀಕ್ಷೆಗೂ ಪ್ರಸಿದ್ಧವಾಗಿದೆ.

ವೈದ್ಯರಿಗೂ ದಾದಿಯರಿಗೂ ಇಲ್ಲಿ ಕಲಿಸುವುದೇನು? ಎಲ್ಲ ಊರುಗಳಲ್ಲಿಯೂ ಪ್ರಯೋಗಾಲಯವಿರುವುದಿಲ್ಲ, ವರದಿ ಬರುವವರೆಗೆ ರೋಗಿ ಕಾಯುವುದೂ ಇಲ್ಲ. ಆದುದರಿಂದ ಸ್ರಾವ, ಹುಣ್ಣು, ಕೆಳಹೊಟ್ಟೆಯ ನೋವು, ತೊಡೆಸಂದಿಯ ಗಡ್ಡೆ ಮುಂತಾದ ಲಕ್ಷಣಗಳ ಗುಂಪನ್ನು ಗುರುತಿಸಿ, ಅದಕ್ಕೆ ಕಾರಣವಾಗಬಲ್ಲ ಮುಖ್ಯ ಸೋಂಕುಗಳಿಗೆಲ್ಲ ಅಂದೇ ಔಷಧ ಕೊಡುವ ಪದ್ಧತಿ ರೂಢಿಗೆ ಬಂದಿತು. 2007ರ ರಾಷ್ಟ್ರೀಯ ಮಾರ್ಗಸೂಚಿಯ ಕಾಲದಲ್ಲಿ ಇದಕ್ಕಾಗಿ ಏಳು ಬಣ್ಣದ ಔಷಧ ಪೊಟ್ಟಣಗಳು ಸಿದ್ಧವಾದವು. ಮೂತ್ರನಾಳದ ಸ್ರಾವಕ್ಕೆ ಬೂದುಬಣ್ಣದ್ದು, ಯೋನಿಯ ಉರಿಯೂತಕ್ಕೆ ಹಸಿರು, ಹುಣ್ಣಿಗೆ ಪೆನಿಸಿಲಿನ್ ಉಳ್ಳ ಬಿಳಿಯದು, ಪೆನಿಸಿಲಿನ್ ಒಗ್ಗದವರಿಗೆ ನೀಲಿ, ಹೀಗೆ. ಔಷಧಗಳು ಕಾಲಕಾಲಕ್ಕೆ ಬದಲಾಗುವುವಾದರೂ ಯೋಜನೆ ಜಾಣತನದ್ದೆಂದು ಒಪ್ಪಬೇಕು. ಔಷಧದೊಂದಿಗೆ ನಾಲ್ಕು ಮಾತುಗಳನ್ನೂ ಹೇಳಬೇಕೆಂದು ಕಲಿಸಲಾಗುತ್ತದೆ: ರೋಗದ ವಿಷಯ ವಿವರಿಸುವುದು, ಮಾತ್ರೆಗಳನ್ನು ಕೊನೆಯವರೆಗೆ ನುಂಗುವಂತೆ ಒಪ್ಪಿಸುವುದು, ನಿರೋಧ್‌ನ ಬಳಕೆಯನ್ನು ತೋರಿಸುವುದು, ಸಂಗಾತಿಗೂ ಚಿಕಿತ್ಸೆ ದೊರಕಿಸುವುದು. ಸಂಗಾತಿಯನ್ನು ಬಿಟ್ಟು ಒಬ್ಬರಿಗೆ ಮಾತ್ರ ಮದ್ದು ಕೊಟ್ಟರೆ ಸೋಂಕು ಅದೇ ಮನೆಯೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿರುತ್ತದೆ.

ಈ ಪದ್ಧತಿಗೂ ಮಿತಿಯುಂಟು. ಹೆಂಗಸರಲ್ಲಿ ಇಂತಹ ಸೋಂಕುಗಳು ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಲಕ್ಷಣವೇ ಇಲ್ಲದವರಿಗೆ ಪೊಟ್ಟಣ ಯಾವುದು? ಇನ್ನೊಂದು ಕಡೆ, ಬಿಳಿ ಸೆರಗೆಂದು ಬರುವವರೆಲ್ಲರಿಗೂ ಲೈಂಗಿಕ ಸೋಂಕಿರುವುದಿಲ್ಲ. ಅಂಥವಳಿಗೆ ಆತುರದಿಂದ ಆ ಹಣೆಪಟ್ಟಿ ಹಚ್ಚಿದರೆ ಸಂಸಾರವೇ ಒಡೆದೀತು. ಅನಾವಶ್ಯಕವಾಗಿ ಕೊಟ್ಟ ಔಷಧದಿಂದ ರೋಗಾಣುಗಳು ಬಲಿಯುತ್ತವೆ. ಗೊನೋರಿಯಾ ಒಂದಾದಮೇಲೊಂದರಂತೆ ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ಗಳನ್ನು ಸೋಲಿಸಿದೆ. ಸೌಲಭ್ಯವಿರುವಲ್ಲಿ ಪರೀಕ್ಷೆ ಮಾಡಿಸಬೇಕೆಂಬ ಒತ್ತಾಯ ಈಗ ಹೆಚ್ಚುತ್ತಿರುವುದು ಇದೇ ಕಾರಣದಿಂದ.

ಔಷಧದ ಹೆಸರುಗಳನ್ನು ವೈದ್ಯನು ಎರಡು ದಿನಗಳಲ್ಲಿ ಕಲಿಯಬಹುದು. ಕೇಳುವ ಬಗೆಯನ್ನು ಕಲಿಯುವುದೇ ಕಷ್ಟ. ಜನಕಪುರಿಯಂತಹ ಬಡಾವಣೆಗೆ ಮದುವೆಯಾಗಿ ಬಂದ, ಹಿಂದಿ ಇನ್ನೂ ನಾಲಗೆಗೆ ಹತ್ತದ ಕನ್ನಡದ ಹೆಣ್ಣುಮಗಳೊಬ್ಬಳು ‘ಬಿಳಿ ಸೆರಗು’ ಎಂಬ ಮಾತನ್ನು ಯಾರ ಮೂಲಕ ವೈದ್ಯರಿಗೆ ತಿಳಿಸಬೇಕು? ದುಭಾಷಿಯಾಗಿ ನಿಂತವನು ಗಂಡ, ಇಲ್ಲವೇ ಅತ್ತೆ, ಇಲ್ಲವೇ ಶಾಲೆಗೆ ಹೋಗುವ ಮಗ. ಅವರ ಎದುರಿನಲ್ಲಿ ಆಕೆ ಹೊಟ್ಟೆನೋವೆಂದಷ್ಟೇ ಹೇಳಿ ಹಿಂದಿರುಗುತ್ತಾಳೆ. ತರಬೇತಿ ಪಡೆದ ವೈದ್ಯ ಅಥವಾ ದಾದಿ ಮೊದಲು ಮಾಡಬೇಕಾದುದು ಜೊತೆಗೆ ಬಂದವರನ್ನು ಹೊರಗೆ ಕುಳಿತುಕೊಳ್ಳುವಂತೆ ವಿನಯದಿಂದ ಕೇಳುವುದು. ಆಮೇಲೆ, ಈ ಪ್ರಶ್ನೆಗಳನ್ನು ಎಲ್ಲರಿಗೂ ಕೇಳುತ್ತೇವೆಂದು ತಿಳಿಸಿ, ಮುಖದಲ್ಲಿ ಆಶ್ಚರ್ಯವನ್ನಾಗಲಿ ಅಸಹ್ಯವನ್ನಾಗಲಿ ತೋರದೆ ಕೇಳುವುದು. ಅವಳ ಭಾಷೆ ಬಲ್ಲ ದಾದಿ ದೊರೆತರೆ ಅರ್ಧ ಚಿಕಿತ್ಸೆ ಅಲ್ಲಿಯೇ ಆದಂತೆ.

ಈ ಪಾಠವನ್ನು ವೈದ್ಯರು ರೋಗಿಗಳಿಂದಲೇ ಕಲಿಯಬೇಕಾದೀತು. ಮೈಸೂರಿನಲ್ಲಿ 2004ರಲ್ಲಿ ಕೆಲಸ ಆರಂಭವಾದ ಆಶೋದಯ ಸಮಿತಿ ಇದಕ್ಕೆ ಒಳ್ಳೆಯ ನಿದರ್ಶನ. ಅದು ಲೈಂಗಿಕ ವೃತ್ತಿಯಲ್ಲಿರುವವರೇ ಕಟ್ಟಿ ಬೆಳೆಸಿದ ಸಂಘಟನೆ. ಅಲ್ಲಿಯ ಚಿಕಿತ್ಸಾಲಯದ ವ್ಯವಸ್ಥೆಯಲ್ಲಿ ಅವರ ಮಾತಿಗೆ ಬೆಲೆಯಿತ್ತು, ತಮ್ಮ ಅನುಭವವನ್ನು ಬೇರೆ ಊರುಗಳವರಿಗೆ ಕಲಿಸುವ ಕೆಲಸವನ್ನೂ ಅವರು ಕೈಗೊಂಡರು. ನಿಂದೆಯ ಭಯವಿಲ್ಲದ ಕಡೆಗೆ ಜನ ತಾವಾಗಿಯೇ ತಪಾಸಣೆಗೆ ಬರುತ್ತಾರೆ.

ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮದಲ್ಲಿ 2019ರಿಂದ ನಡವಳಿಕೆ, ನೀತಿ, ಸಂವಹನಗಳ ಪಾಠ ಸೇರಿದೆ. ಆದರೂ ಹಳೆಯ ಪೂರ್ವಗ್ರಹಗಳು ಸುಲಭವಾಗಿ ಹೋಗುವುದಿಲ್ಲ. ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದ್ದರೂ, 2024ರ ಹೊಸ ಪಠ್ಯಕ್ರಮದ ನ್ಯಾಯವೈದ್ಯಶಾಸ್ತ್ರದ ಭಾಗದಲ್ಲಿ ಅದು ಮತ್ತೆ ಅಸಹಜ ಅಪರಾಧಗಳ ಸಾಲಿಗೆ ಬಂದಿತ್ತು. ಪ್ರತಿಭಟನೆಯಾದಮೇಲೆ ಕೆಲವೇ ದಿನಗಳಲ್ಲಿ ಆ ಪಠ್ಯಕ್ರಮವನ್ನು ಹಿಂದಕ್ಕೆ ಪಡೆಯಲಾಯಿತು. ತನ್ನನ್ನು ಅಪರಾಧಿಯೆಂದು ಓದಿ ಬಂದ ವೈದ್ಯನ ಮುಂದೆ ಯಾವ ಯುವಕ ತಾನೇ ನಿಜ ಹೇಳಿಯಾನು?

ರೋಗಿಯ ಪರವಾಗಿ ಕಾನೂನೂ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು. ಅದರಂತೆ ತಿಳಿವಳಿಕೆಯ ಸಮ್ಮತಿಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಸೋಂಕಿನ ಕಾರಣದಿಂದ ಚಿಕಿತ್ಸೆಯನ್ನಾಗಲಿ ಉದ್ಯೋಗವನ್ನಾಗಲಿ ನಿರಾಕರಿಸುವಂತಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸೋಂಕುಗಳಿಗಾಗಿರುವ ಕೇಂದ್ರಗಳಿಗೆ ‘ಸುರಕ್ಷಾ ಕ್ಲಿನಿಕ್’ ಎಂದು ಹೆಸರು. ಅಲ್ಲಿ ಸಲಹೆಯೂ ಔಷಧವೂ ಉಚಿತ. ಹತ್ತಿರದ ಕೇಂದ್ರ ಎಲ್ಲಿದೆಯೆಂದು 1097 ಸಂಖ್ಯೆಗೆ ಶುಲ್ಕವಿಲ್ಲದೆ ದೂರವಾಣಿ ಮಾಡಿ ಕೇಳಬಹುದು. ಹೋಗುವ ಮೊದಲು ಔಷಧದಂಗಡಿಯಿಂದ ಎರಡು ಮಾತ್ರೆ ತಂದು ನುಂಗದಿರುವುದು ಲೇಸು; ಅರೆ ಚಿಕಿತ್ಸೆಯಿಂದ ಲಕ್ಷಣ ಮರೆಯಾದೀತೇ ಹೊರತು ಸೋಂಕು ಹೋಗದು, ವೈದ್ಯರಿಗೂ ಮುಂದೆ ರೋಗವನ್ನು ಗುರುತಿಸುವುದು ಕಷ್ಟವಾದೀತು.