ಪೇಟಿ ಮಾಸ್ತರರ ಬೆರಳುಗಳು

ಪ್ರತಿ ವರ್ಷ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ ಕೂಡುತ್ತದೆ. ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳ ಆಟ ನಡೆಯುತ್ತದೆ. ಕಂಪನಿ ನಾಟಕದ ರಂಗಗೀತೆ ಇರಲಿ, ಬಾಗಲಕೋಟೆ ಸೀಮೆಯ ಶ್ರೀಕೃಷ್ಣ ಪಾರಿಜಾತದ ಪದ ಇರಲಿ, ಹಾಡಿಗೆ ಆಧಾರವಾಗಿ ಬಂದದ್ದು ಪೇಟಿ. ಉತ್ತರ ಕರ್ನಾಟಕದಲ್ಲಿ ಹಾರ್ಮೋನಿಯಮ್ಮಿಗೆ ಇರುವ ಹೆಸರು ಇದು. ನುಡಿಸುವವರು ಪೇಟಿ ಮಾಸ್ತರರು.

ಪೇಟಿಯ ಜೀವ ಇರುವುದು ಗಾಳಿಯಲ್ಲಿ. ಹಿಂಬದಿಯ ತಿದಿಯನ್ನು ಎಡಗೈಯಿಂದ ಒತ್ತಿದಾಗ ಗಾಳಿ ಒಳಗಿನ ಗೂಡಿನಲ್ಲಿ ತುಂಬಿಕೊಳ್ಳುತ್ತದೆ. ಬಲಗೈ ಬೆರಳು ಒಂದು ಮನೆಯನ್ನು, ಅಂದರೆ ಬಿಳಿ ಅಥವಾ ಕರಿ ಪಟ್ಟಿಯನ್ನು ಒತ್ತಿದರೆ ಅದರ ಕೆಳಗಿನ ಕಿಂಡಿ ತೆರೆಯುತ್ತದೆ. ಅಲ್ಲಿರುವ ಹಿತ್ತಾಳೆಯ ತೆಳು ನಾಲಿಗೆ ಗಾಳಿಗೆ ಕಂಪಿಸಿ ಸ್ವರ ಹುಟ್ಟುತ್ತದೆ. ಈ ನಾಲಿಗೆಗೆ ರೀಡು ಎನ್ನುತ್ತಾರೆ. ಅದರ ತುದಿಯನ್ನು ಕೂದಲೆಳೆಯಷ್ಟು ಹೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಹೆರೆದರೆ ಇಳಿಯುತ್ತದೆ. ಶ್ರುತಿ ಕೂಡಿಸುವವರು ಒಂದೊಂದೇ ರೀಡನ್ನು ಹೀಗೆ ಹೆರೆದು, ನುಡಿಸಿ, ಕೇಳಿ, ಮತ್ತೆ ಹೆರೆದು ಹದಕ್ಕೆ ತರುತ್ತಾರೆ. ಇಲ್ಲಿ ಅಳತೆಗೋಲು ಕಿವಿ.

ಕಾಲಿನಿಂದ ತಿದಿ ತುಳಿಯುವ ಪೇಟಿಯೂ ಉಂಟು. ಅದರ ಮುಂದೆ ಕುರ್ಚಿ ಹಾಕಿ ಕುಳಿತ ಕಂಪನಿ ಮಾಸ್ತರರಿಗೆ ಎರಡೂ ಕೈ ಬಿಡುವು. ಒಬ್ಬ ನಟ 'ಕರಿ ಎರಡು' ಶ್ರುತಿಯಲ್ಲಿ ಹಾಡಿದರೆ ಇನ್ನೊಬ್ಬರದು 'ಬಿಳಿ ನಾಲ್ಕು'. ಯಾವ ಮನೆಯನ್ನು ಷಡ್ಜವಾಗಿ ಹಿಡಿದರೂ ರಾಗದ ದಾರಿ ಬೆರಳಿಗೆ ಕಂಠಪಾಠ ಇರಬೇಕು. ಆ ದಾರಿ ಶ್ರುತಿಗೊಂದರಂತೆ ಬದಲಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದ ಕೆಲಸ ಇನ್ನೊಂದಿದೆ. ಒಂದು ಸಪ್ತಕಕ್ಕೆ ಪೇಟಿಯಲ್ಲಿರುವುದು 12 ಮನೆ ಮಾತ್ರ. ಕಂಠ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲದು. ಈ ಜಾರಿಕೆಯೇ ಮೀಂಡ್. ಪೇಟಿಗೆ ಜಾರುವುದು ಗೊತ್ತಿಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಈ ವಾದ್ಯ ನಮ್ಮ ರಾಗಕ್ಕೆ ಒಗ್ಗದೆಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ದೂರವಿಟ್ಟಿತು. ಆ ನಿಷೇಧ ದಶಕಗಳ ಕಾಲ ಉಳಿಯಿತು.

ಮಾಸ್ತರರು ಉತ್ತರ ಕೊಟ್ಟದ್ದು ಬೆರಳಿನಿಂದ. ಮುಖ್ಯ ಸ್ವರಕ್ಕೆ ಇಳಿಯುವ ಮೊದಲು ಪಕ್ಕದ ಮನೆಯನ್ನು ಸೋಕಿ ಬರುತ್ತಾರೆ, ಇದು ಕಣಸ್ವರ. ಒಂದು ಮನೆಯ ಬೆರಳು ಏಳುವ ಮೊದಲೇ ಮುಂದಿನದನ್ನು ಒತ್ತಿ ನಡುವಿನ ಬಿರುಕು ಮುಚ್ಚುತ್ತಾರೆ. ಅದೇ ಗಳಿಗೆಯಲ್ಲಿ ತಿದಿಯ ಒತ್ತಡ ತಗ್ಗಿಸಿ ಸ್ವರವನ್ನು ಕರಗಿಸುತ್ತಾರೆ. ಪೇಟಿಯಲ್ಲಿಲ್ಲದ ಮೀಂಡ್ ಕೇಳುವವರ ಕಿವಿಯಲ್ಲಿ ಮೂಡುತ್ತದೆ.

ಈ ವಿದ್ಯೆಯನ್ನು ಎತ್ತರಕ್ಕೆ ಒಯ್ದವರಲ್ಲಿ ಪಂಡಿತ ರಾಂಭಾವು ಬಿಜಾಪುರೆ ಒಬ್ಬರು. ಅವರು 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, ದೊಡ್ಡ ಗಾಯಕರಿಗೆ ಸಾಥ್ ನೀಡಿದರು. ಪೇಟಿಯನ್ನು ಸ್ವತಂತ್ರ ವಾದನದ ವಾದ್ಯವಾಗಿಯೂ ನುಡಿಸಿ, ಶಿಷ್ಯರ ಪೀಳಿಗೆಗಳನ್ನೇ ಬೆಳೆಸಿ 2010ರಲ್ಲಿ ತೀರಿಕೊಂಡರು. ಅದೇ 1917ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಾಝ್ ಪಿಯಾನೋ ವಾದಕ, ಸ್ವರಸಂಯೋಜಕ ಥೆಲೋನಿಯಸ್ ಮಂಕ್ ಅವರಿಗೂ ಇದೇ ತೊಡಕು ಎದುರಾಗಿತ್ತು. ಪಿಯಾನೋದ ಸ್ವರವೂ ಬಾಗುವುದಿಲ್ಲ. ಮಂಕ್ ಅಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೆ ಒತ್ತಿ, ಅವುಗಳ ನಡುವೆ ಇರುವ ಸ್ವರವನ್ನು ಸೂಚಿಸಿದರು. ಕೇಳಿದವರು ಮೊದಲು ತಪ್ಪೆಂದರು, ಆಮೇಲೆ ಅದನ್ನೇ ಕಲಿಯತೊಡಗಿದರು.

ಇಂದು ರಂಗದ ಪಕ್ಕದಲ್ಲಿ ಕೀಬೋರ್ಡ್ ಬಂದು ಕುಳಿತಿದೆ. ಅದು ಬರಲಿ, ಬೇಡವೆನ್ನುವಂತಿಲ್ಲ. ಆದರೆ ಕಲಿಯಲು ಬರುವ ಮಕ್ಕಳನ್ನು ಮೊದಲು ಪೇಟಿಯ ಮುಂದೆ ಕೂರಿಸಿರಿ. ಗಾಳಿಯ ಲೆಕ್ಕ ಕೈಗೆ ಒಮ್ಮೆ ತಿಳಿದರೆ, ಮುಂದೆ ಯಾವ ವಾದ್ಯ ಹಿಡಿದರೂ ಆ ಕೈ ಹಾಡುತ್ತದೆ.