ಅಂಕಪಟ್ಟಿಯ ಫ್ರೆಂಚ್, ನಾಲಗೆಯ ಫ್ರೆಂಚ್

ಮಗಳು ಪಿಯುಸಿಯಲ್ಲಿ ಫ್ರೆಂಚ್ ಭಾಷೆ ಆರಿಸಿಕೊಂಡು ನೂರಕ್ಕೆ ತೊಂಬತ್ತೈದು ಅಂಕ ಪಡೆದರೆ ಮನೆಯಲ್ಲಿ ಸಂಭ್ರಮ. ಮುಂದೆ ಫ್ರಾನ್ಸಿನಲ್ಲಿ ಓದಲು ಭಾಷೆಯ ತೊಡಕಿಲ್ಲ ಎಂದು ಹೆತ್ತವರು ನಿಶ್ಚಿಂತರಾಗುತ್ತಾರೆ. ಆದರೆ ಅಲ್ಲಿನ ವಿಶ್ವವಿದ್ಯಾಲಯ ಕೇಳುವುದು ಅಂಕವನ್ನಲ್ಲ, ಮಟ್ಟವನ್ನು. ಇವೆರಡೂ ಒಂದೇ ಎಂದು ತಿಳಿದು ಸಾಲ ಮಾಡಿ ಹೊರಟರೆ ಹಣವೂ ಹೋಗುತ್ತದೆ, ವರ್ಷವೂ ಹೋಗುತ್ತದೆ.

ಆರು ಮೆಟ್ಟಿಲುಗಳು

ಭಾಷಾ ಸಾಮರ್ಥ್ಯವನ್ನು ಅಳೆಯಲು ಯುರೋಪ್ ಕೌನ್ಸಿಲ್ 2001ರಲ್ಲಿ ಒಂದು ಮಾನದಂಡ ಪ್ರಕಟಿಸಿತು. ಅದರಲ್ಲಿ ಆರು ಮೆಟ್ಟಿಲುಗಳಿವೆ. ಎ1 ಎಂದರೆ ಹೆಸರು, ಊರು ಹೇಳಿ ಸರಳ ಪ್ರಶ್ನೆಗೆ ಉತ್ತರಿಸಬಲ್ಲವರು. ಎ2 ಎಂದರೆ ಅಂಗಡಿ, ಮನೆಮಂದಿ, ದಿನಚರಿಯ ಮಾತು ಬಲ್ಲವರು. ಬಿ1 ತಲುಪಿದವರು ಪ್ರಯಾಣದಲ್ಲಿ ತಾವೇ ನಿಭಾಯಿಸಿಕೊಳ್ಳುತ್ತಾರೆ, ತಮ್ಮ ಅನುಭವ ಹೇಳಬಲ್ಲರು. ಬಿ2ರವರು ಕಠಿಣ ಬರಹದ ಸಾರ ಗ್ರಹಿಸಿ ತಮ್ಮ ಅಭಿಪ್ರಾಯವನ್ನು ಸಮರ್ಥಿಸಬಲ್ಲರು. ಸಿ1 ಮತ್ತು ಸಿ2 ಪ್ರೌಢರ ಮಟ್ಟಗಳು. ಫ್ರೆಂಚ್ ಮಾಧ್ಯಮದ ಪದವಿಗೆ ಫ್ರಾನ್ಸಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಬಿ2 ಕೇಳುತ್ತವೆ.

ಇಂಗ್ಲೆಂಡಿನ ಶಾಲೆಗಳಲ್ಲಿ

ಶಾಲೆಯ ಫ್ರೆಂಚ್ ಈ ಮೆಟ್ಟಿಲುಗಳಲ್ಲಿ ಎಲ್ಲಿ ನಿಲ್ಲುತ್ತದೆ? ಫ್ರಾನ್ಸಿನ ನೆರೆಯ ಇಂಗ್ಲೆಂಡನ್ನೇ ನೋಡೋಣ. ಅಲ್ಲಿ ಮಕ್ಕಳು ಹದಿನಾರರ ಸುಮಾರಿಗೆ ಜಿಸಿಎಸ್‌ಇ ಬರೆಯುತ್ತಾರೆ. 2024ರಲ್ಲಿ ಬೋಧನೆ ಆರಂಭವಾದ ಹೊಸ ಪಠ್ಯಕ್ರಮದಲ್ಲಿ ಕೆಳಹಂತಕ್ಕೆ 1,200, ಮೇಲ್ಹಂತಕ್ಕೆ 1,700 ಪದಗಳು ನಿಗದಿಯಾಗಿವೆ. ಸಾಧಾರಣವಾಗಿ ತೇರ್ಗಡೆಯಾದವರು ಎ1, ಎ2ರ ಆಸುಪಾಸಿನಲ್ಲಿದ್ದರೆ, ಅತ್ಯುತ್ತಮ ಗ್ರೇಡ್ ಪಡೆದವರು ಬಿ1ರ ಹೊಸ್ತಿಲಲ್ಲಿರುತ್ತಾರೆ. ಇನ್ನೆರಡು ವರ್ಷ ಓದಿ ಎ-ಲೆವೆಲ್ ಮುಗಿಸಿದರೆ ಬಿ1ರಿಂದ ಬಿ2ರ ನಡುವೆ ಬರುತ್ತಾರೆ. ಇವು ಅಂದಾಜು ಹೋಲಿಕೆಗಳು ಮಾತ್ರ. ಒಂದು ಪ್ರಮಾಣಪತ್ರ ಇನ್ನೊಂದರ ಬದಲಿಯಾಗದು.

ಅಂತರ ಏಕೆ?

ಶಾಲಾ ಪರೀಕ್ಷೆ ನೋಡುವುದು ಪಾಠ ಎಷ್ಟು ಕಲಿತಿದ್ದೀರಿ ಎಂಬುದನ್ನು. ಮಟ್ಟದ ಪರೀಕ್ಷೆ ನೋಡುವುದು ಆ ಭಾಷೆಯಿಂದ ಏನು ಮಾಡಬಲ್ಲಿರಿ ಎಂಬುದನ್ನು. ನಮಗೆ ಇದು ಹೊಸ ವಿಷಯವಲ್ಲ. ನಮ್ಮ ಮಕ್ಕಳು ತಜ್‌ವೀದ್ ಸಹಿತ ಸುಂದರವಾಗಿ ಕುರ್‌ಆನ್ ಓದುತ್ತಾರೆ. ಅದು ಮಹಾ ಪುಣ್ಯದ ಕೆಲಸ. ಆದರೆ ಅದೇ ಮಗು ಅರಬಿಯಲ್ಲಿ ಒಂದು ಲೋಟ ನೀರು ಕೇಳಲು ತಡವರಿಸುತ್ತದೆ. ಓದುವುದು ಒಂದು ವಿದ್ಯೆ, ಅರ್ಥ ಮಾಡಿಕೊಂಡು ಮಾತಾಡುವುದು ಇನ್ನೊಂದು ವಿದ್ಯೆ.

ಪ್ರವಾದಿವರ್ಯರು(ಸ) ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಬರಹವನ್ನು ಕಲಿಯಲು ಆದೇಶಿಸಿದ ಘಟನೆ ತಿರ್ಮಿದಿಯಲ್ಲಿದೆ. ಅವರು ಹದಿನೈದು ದಿನಗಳೊಳಗೆ ಕಲಿತರು. ಪ್ರವಾದಿವರ್ಯರ(ಸ) ಪರವಾಗಿ ಪತ್ರ ಬರೆದರು, ಬಂದ ಪತ್ರಗಳನ್ನು ಓದಿ ಹೇಳಿದರು. ಅವರ ಕಲಿಕೆಗೆ ಆ ಕೆಲಸವೇ ಪ್ರಮಾಣಪತ್ರವಾಗಿತ್ತು.

ತಾಯಂದಿರು ಏನು ಮಾಡಬಹುದು?

ಫ್ರೆಂಚ್ ಕಲಿತವರಿಗೆ ಫ್ರಾನ್ಸಿನ ಶಿಕ್ಷಣ ಸಚಿವಾಲಯ ನೀಡುವ ಡೆಲ್ಫ್ ಪ್ರಮಾಣಪತ್ರ ಎ1ರಿಂದ ಬಿ2ರವರೆಗೆ ಇದೆ. ಅದರ ಮೇಲಿನ ಸಿ1, ಸಿ2ಗಳಿಗೆ ಡಾಲ್ಫ್ ಇದೆ. ಡೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕ. ಒಟ್ಟು 50 ಬಂದರೆ ತೇರ್ಗಡೆ. ಆದರೆ ಯಾವುದೇ ಭಾಗದಲ್ಲಿ 5ಕ್ಕಿಂತ ಕಡಿಮೆಯಾದರೆ ಅನುತ್ತೀರ್ಣ. ಬರವಣಿಗೆಯಲ್ಲಿ ಎಷ್ಟೇ ಜಾಣೆಯಾದರೂ ಬಾಯಿ ಬಿಡದೆ ದಾಟಲಾಗದು. ಒಮ್ಮೆ ಪಡೆದರೆ ಜೀವನಪೂರ್ತಿ ಮಾನ್ಯ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಈ ಪರೀಕ್ಷೆ ನಡೆಯುತ್ತದೆ.

ಎ1ಕ್ಕೆ ಸುಮಾರು ನೂರು ಗಂಟೆಯ ಕಲಿಕೆ ಬೇಕಾದರೆ ಬಿ2ಕ್ಕೆ ಸುಮಾರು ಆರುನೂರು ಗಂಟೆ ಬೇಕು. ವಾರಕ್ಕೆ ಆರು ಗಂಟೆ ಕಲಿತರೂ ಎರಡು ವರ್ಷ ಸಂದೀತು. ಆದ್ದರಿಂದ ಮಗಳು ವಿದೇಶದ ಕನಸು ಹೇಳಿದ ದಿನವೇ, ಅವಳ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಕೇಳಿರಿ: ಫ್ರೆಂಚ್ ಸುದ್ದಿ ಕೇಳಿದರೆ ನಿನಗೆ ಅರ್ಥವಾಗುತ್ತದೆಯೇ? ಗುರುತಿಲ್ಲದವರೊಂದಿಗೆ ಹತ್ತು ನಿಮಿಷ ಮಾತಾಡಬಲ್ಲೆಯಾ? ಉತ್ತರ ‘ಇಲ್ಲ’ ಎಂದಾದರೆ ನಿರಾಶರಾಗಬೇಡಿ, ಅವಳನ್ನು ತಡೆಯಲೂ ಬೇಡಿ. ಭಾಷೆಗಳ ವೈವಿಧ್ಯವು ಅಲ್ಲಾಹನ ದೃಷ್ಟಾಂತಗಳಲ್ಲೊಂದೆಂದು ಸೂರಃ ಅರ್‍ರೂಮ್ ತಿಳಿಸುತ್ತದೆ. ಅವಳಿಗೆ ಬೇಕಿರುವುದು ಸಮಯ. ಆ ಸಮಯವನ್ನು ಹೊರಡುವ ಮುನ್ನವೇ ಕೊಡೋಣ.